ನ್ಯೂಯಾರ್ಕಿನ ಟೆನೆಮೆಂಟ್ ಮ್ಯೂಸಿಯಂಗೆ ಹೋಗೋದಾದ್ರೆ: ಯಾವ ಮನೆ ನೋಡಬೇಕು, ಹೇಗೆ ನೋಡಬೇಕು

ನ್ಯೂಯಾರ್ಕ್ ನೋಡೋಕೆ ಬಂದವರು ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್, ಎಂಪೈರ್ ಸ್ಟೇಟ್ ಕಟ್ಟಡ ಎಲ್ಲ ಮುಗಿಸಿದ ಮೇಲೆ "ಇನ್ನೇನಿದೆ?" ಅಂತ ಕೇಳುತ್ತಾರೆ. ನಾನು ಹೇಳೋದು ಒಂದೇ ಜಾಗ. ಮ್ಯಾನ್‌ಹ್ಯಾಟನ್ನಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಆರ್ಚರ್ಡ್ ಸ್ಟ್ರೀಟ್ ಅಂತ ಒಂದು ಕಿರಿದಾದ ಬೀದಿ ಇದೆ. ಅಲ್ಲಿ 97ನೇ ನಂಬರಿನ ಇಟ್ಟಿಗೆ ಕಟ್ಟಡಕ್ಕೆ ಹೋಗಿ. ಅದೇ ಟೆನೆಮೆಂಟ್ ಮ್ಯೂಸಿಯಂ. ಟೆನೆಮೆಂಟ್ ಅಂದರೆ ಬಡವರಿಗೆ ಬಾಡಿಗೆಗೆ ಕೊಡುತ್ತಿದ್ದ, ಸಣ್ಣ ಸಣ್ಣ ಮನೆಗಳಿರುವ ಅಂತಸ್ತಿನ ಕಟ್ಟಡ.

ಹೊರಗಿನಿಂದ ಏನೂ ವಿಶೇಷ ಕಾಣಲ್ಲ. ಪಕ್ಕದ ಕಟ್ಟಡಗಳೂ ಹೆಚ್ಚುಕಮ್ಮಿ ಹಾಗೇ ಇವೆ. ಇದನ್ನು 1863ರಲ್ಲಿ ಕಟ್ಟಿಸಿದವನು ಲೂಕಾಸ್ ಗ್ಲಾಕ್ನರ್ ಅಂತ ಜರ್ಮನಿಯಿಂದ ಬಂದ ಒಬ್ಬ ದರ್ಜಿ. ಅಲ್ಲಿಂದ 1935ರವರೆಗೆ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಸುಮಾರು 7,000 ಜನ ಇಲ್ಲಿ ಬಾಡಿಗೆಗೆ ಇದ್ದು ಹೋಗಿದ್ದಾರೆ. ಒಂದೊಂದು ಮನೆ 325 ಚದರ ಅಡಿ. ಮುಂದಿನ ಕೋಣೆ, ಅಡುಗೆಮನೆ, ಮಲಗುವ ಕೋಣೆ, ಅಷ್ಟೇ. ಮೊದಮೊದಲು ನೀರು ಮತ್ತು ಕಕ್ಕಸು ಎರಡೂ ಹಿತ್ತಲಿನಲ್ಲಿ. ಹಳೇ ಬೆಂಗಳೂರಿನ ವಠಾರದಲ್ಲಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಆ ವಠಾರವನ್ನೇ ಐದು ಅಂತಸ್ತು ಎತ್ತರಕ್ಕೆ ನಿಲ್ಲಿಸಿ, ಐದನೇ ಅಂತಸ್ತಿಗೂ ಕೆಳಗಿನಿಂದಲೇ ನೀರು ಹೊತ್ತುಕೊಂಡು ಹೋಗಬೇಕು ಅಂದುಕೊಳ್ಳಿ.

1935ರಲ್ಲಿ ಹೊಸ ವಸತಿ ಕಾನೂನಿನ ಪ್ರಕಾರ ಕಟ್ಟಡ ಸರಿಪಡಿಸಬೇಕಾಗಿ ಬಂತು. ಮಾಲೀಕ ಲೆಕ್ಕ ಹಾಕಿ ನೋಡಿದ. ಖರ್ಚು ಮಾಡೋದಕ್ಕಿಂತ ಬಾಡಿಗೆದಾರರನ್ನು ಖಾಲಿ ಮಾಡಿಸೋದೇ ಅವನಿಗೆ ಅಗ್ಗ ಅನ್ನಿಸಿತು. ಕೆಳಗಿನ ಅಂಗಡಿಗಳು ಉಳಿದವು, ಮೇಲಿನ ಮನೆಗಳು ಐವತ್ತು ವರ್ಷ ಮುಚ್ಚೇ ಇದ್ದವು. 1988ರಲ್ಲಿ ರೂತ್ ಏಬ್ರಂ ಮತ್ತು ಅನಿತಾ ಜೇಕಬ್ಸನ್ ಮ್ಯೂಸಿಯಂಗೆ ಜಾಗ ಹುಡುಕುತ್ತಿದ್ದರು. ಕೆಳಗಿನ ಅಂಗಡಿ ಖಾಲಿ ಇದೆ ಅಂತ ನೋಡೋಕೆ ಬಂದಾಗ, ಒಳಗಿನ ಹಳೇ ಮೆಟ್ಟಿಲು, ಹಳೇ ಕಕ್ಕಸು, ಬಿಟ್ಟುಹೋದ ಮನೆಗಳು ಹಾಗೇ ಸಿಕ್ಕವು. ಮ್ಯೂಸಿಯಂ ಶುರುವಾದದ್ದು ಹೀಗೆ.

ಇಷ್ಟು ತಿಳಿದುಕೊಂಡರೆ ಸಾಕು, ಹೊರಡಬಹುದು.

ಮೊದಲ ಕೆಲಸ: ಯಾರ ಮನೆ ನೋಡಬೇಕು ಅಂತ ತೀರ್ಮಾನಿಸಿ

ಎಲ್ಲರೂ ಎಡವುವುದು ಇಲ್ಲೇ. ಬೇರೆ ಮ್ಯೂಸಿಯಂಗಳ ಹಾಗೆ ಟಿಕೆಟ್ ಹರಿಸಿಕೊಂಡು ಒಳಗೆ ಹೋಗಿ ನಮ್ಮ ಪಾಡಿಗೆ ಸುತ್ತಾಡುವ ಹಾಗಿಲ್ಲ. ಗೈಡ್ ಜೊತೆಗೇ ಹೋಗಬೇಕು. ಹತ್ತು ಹದಿನೈದು ಜನರ ಗುಂಪು, ಒಂದು ಗಂಟೆ, ಒಂದೂಕಾಲು ಗಂಟೆ. ಆ ಟೂರ್‌ನಲ್ಲಿ ಒಂದೋ ಎರಡೋ ಕುಟುಂಬದ ಮನೆ ಮಾತ್ರ ತೋರಿಸುತ್ತಾರೆ, ಇಡೀ ಕಟ್ಟಡ ಅಲ್ಲ. ಹಾಗಾಗಿ ವೆಬ್‌ಸೈಟಿನಲ್ಲಿ ಯಾವ ಸಮಯ ಖಾಲಿ ಇದೆಯೋ ಅದನ್ನು ಒತ್ತಿಬಿಡಬೇಡಿ. ಟೂರ್‌ಗಳ ಹೆಸರು ಆಗಾಗ ಬದಲಾಗುತ್ತವೆ, ಆದ್ದರಿಂದ ವಿವರಣೆಯಲ್ಲಿ ಕುಟುಂಬದ ಹೆಸರು ಹುಡುಕಿ.

ಗುಂಪರ್ಟ್ಸ್ ಕುಟುಂಬ ನನಗೆ ಬಹಳ ಇಷ್ಟ. 1873ರ ಆರ್ಥಿಕ ಕುಸಿತದ ನಂತರದ ಕಥೆ ಇದು. ಗಂಡ ಜೂಲಿಯಸ್ ಚಪ್ಪಲಿ ಕೆಲಸದವನು. 1874ರ ಅಕ್ಟೋಬರ್‌ನಲ್ಲಿ ಒಂದು ದಿನ ಕೆಲಸಕ್ಕೆ ಅಂತ ಮನೆ ಬಿಟ್ಟವನು ವಾಪಸ್ ಬರಲೇ ಇಲ್ಲ. ಹೆಂಡತಿ ನಟಾಲಿ ಮಕ್ಕಳನ್ನು ಕಟ್ಟಿಕೊಂಡು ಅದೇ ಮೂರು ಕೋಣೆಯಲ್ಲಿ ಬಟ್ಟೆ ಹೊಲಿಯುವ ಕೆಲಸ ಹಿಡಿದಳು. ಎಷ್ಟೋ ವರ್ಷದ ಮೇಲೆ ಗಂಡನ ಪಾಲಿಗೆ 600 ಡಾಲರ್ ಪಿತ್ರಾರ್ಜಿತ ಬರುವುದಿತ್ತು. ಅದು ಸಿಗಬೇಕಾದರೆ ಅವನು ಸತ್ತಿದ್ದಾನೆ ಅಂತ ಕೋರ್ಟು ಒಪ್ಪಬೇಕು. ಸಾಕ್ಷಿ ಹೇಳಿದವರಲ್ಲಿ ಮನೆ ಮಾಲೀಕ ಗ್ಲಾಕ್ನರನೂ ಒಬ್ಬ. ಈ ಕಥೆಯೆಲ್ಲ ಗೊತ್ತಾಗಿದ್ದು ಆ ಕೋರ್ಟಿನ ಕಾಗದಗಳಿಂದಲೇ. ಗಂಡ ಓಡಿಹೋದನೋ, ಸತ್ತನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹೊಲಿಗೆ, ಬಟ್ಟೆ, ಕಾರ್ಮಿಕರ ವಿಷಯದಲ್ಲಿ ಆಸಕ್ತಿ ಇದ್ದರೆ ಲೆವಿನ್ ಕುಟುಂಬ ನೋಡಿ. 1890ರ ದಶಕದಲ್ಲಿ ಪೋಲೆಂಡ್ ಕಡೆಯಿಂದ ಬಂದ ಯಹೂದಿಗಳು. ಮನೆಯೇ ಕಾರ್ಖಾನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅಡುಗೆ ಒಲೆಯ ಮೇಲೇ ಇಸ್ತ್ರಿಪೆಟ್ಟಿಗೆ ಕಾಯಿಸಬೇಕು, ಆ ಸೆಕೆಯಲ್ಲಿ ಮಗು ಮಲಗಬೇಕು. 1902ರಲ್ಲಿ ಕೋಷರ್ ಮಾಂಸದ, ಅಂದರೆ ಯಹೂದಿ ಧರ್ಮದ ನಿಯಮದ ಪ್ರಕಾರ ಕೊಯ್ದ ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18 ಸೆಂಟಿಗೆ ಏರಿದಾಗ ಈ ಬೀದಿಗಳ ಹೆಂಗಸರು ಕಟುಕರ ಅಂಗಡಿಗಳಿಗೆ ಬಹಿಷ್ಕಾರ ಹಾಕಿ ಬೀದಿಗಿಳಿದಿದ್ದರು. ಅದನ್ನು ಹೇಳುವ ಟೂರ್ ಸಿಕ್ಕರೆ ಬಿಡಬೇಡಿ.

ರೋಗರ್ಶೆವ್ಸ್ಕಿ ಕುಟುಂಬ ಲಿಥುವೇನಿಯಾದವರು. ಆರು ಮಕ್ಕಳು. ರಾತ್ರಿ ಮುಂದಿನ ಕೋಣೆಯಲ್ಲಿ ಗಂಡುಮಕ್ಕಳು ತಲೆ ಸೋಫಾದ ಮೇಲೆ, ಮೈ ಕುರ್ಚಿಗಳ ಮೇಲೆ ಇಟ್ಟುಕೊಂಡು ಸಾಲಾಗಿ ಮಲಗುತ್ತಿದ್ದರು. ಇಸ್ತ್ರಿ ಕೆಲಸ ಮಾಡುತ್ತಿದ್ದ ಅಪ್ಪ ಏಬ್ರಹಾಂ 1918ರಲ್ಲಿ ಕ್ಷಯದಿಂದ ತೀರಿಕೊಂಡ. ಹೆಂಡತಿ ಫ್ಯಾನಿ ಕಟ್ಟಡದ ಗುಡಿಸುವ, ಒರೆಸುವ ಕೆಲಸ ಒಪ್ಪಿಕೊಂಡು, ಅದಕ್ಕೆ ಬದಲಾಗಿ ಬಾಡಿಗೆ ಮಾಫಿ ಮಾಡಿಸಿಕೊಂಡಳು.

ಬಾಲ್ಡಿಜಿ ಕುಟುಂಬ ಸಿಸಿಲಿಯವರು. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲ. ಅಪ್ಪ ಅಡಾಲ್ಫೊ ಒಳ್ಳೇ ಮರಗೆಲಸದವನು, ಆದರೆ ಕೆಲಸವೇ ಇಲ್ಲ. ಉಪಕರಣಗಳ ಪೆಟ್ಟಿಗೆ ಹೊತ್ತು ಸಣ್ಣಪುಟ್ಟ ರಿಪೇರಿ ಹುಡುಕಿಕೊಂಡು ಬೀದಿ ಸುತ್ತುತ್ತಿದ್ದ. ಇಲ್ಲಿನ ವಿಶೇಷ ಅಂದರೆ, ಆ ಮನೆಯಲ್ಲೇ ಬೆಳೆದ ಮಗಳು ಜೋಸೆಫಿನ್ ಮುದುಕಿಯಾದ ಮೇಲೆ ಹೇಳಿದ ನೆನಪುಗಳ ಧ್ವನಿಮುದ್ರಣ ಇದೆ. ಅವಳ ಅಡುಗೆಮನೆಯಲ್ಲಿ ನಿಂತುಕೊಂಡು ಅವಳ ದನಿ ಕೇಳಬಹುದು. ಯಾವುದಾದರೂ ಒಂದೇ ಟೂರ್‌ಗೆ ಸಮಯ ಇದೆ ಅನ್ನುವವರಿಗೆ ನಾನು ಇದನ್ನೋ ಗುಂಪರ್ಟ್ಸ್ ಮನೆಯನ್ನೋ ಹೇಳ್ತೀನಿ.

ಇನ್ನೊಂದು ಬಗೆಯ ಮನೆ ಇದೆ. 1869ರ ನಗರದ ವಿಳಾಸ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಇಬ್ಬರು ಜೋಸೆಫ್ ಮೂರ್‌ಗಳಿದ್ದಾರೆ. ಒಬ್ಬ 97 ಆರ್ಚರ್ಡ್‌ನಲ್ಲಿದ್ದ ಐರಿಷ್‌ನವನು. ಇನ್ನೊಬ್ಬನ ಹೆಸರಿನ ಪಕ್ಕದಲ್ಲಿ ಕರಿಯ ಅಂತ ಸೂಚಿಸುವ ಗುರುತು. ಐರಿಷ್ ಕುಟುಂಬದ ಕಥೆ ಹೇಳುವಾಗ ಆ ಪುಟ ನೋಡಿದ ಜನ "ಹಾಗಾದರೆ ಇವನ್ಯಾರು?" ಅಂತ ಕೇಳತೊಡಗಿದರು. ಆ ಎರಡನೇ ಜೋಸೆಫ್ ಮತ್ತು ಹೆಂಡತಿ ರೇಚಲ್ ಈ ಕಟ್ಟಡದಲ್ಲಿ ಇದ್ದವರಲ್ಲ, ಈಗಿನ ಸೋಹೊ ಬಡಾವಣೆ ಕಡೆ ಇದ್ದವರು. ಆದರೂ 2023ರ ಕೊನೆಗೆ ಅವರ ಮನೆಯನ್ನು ಇಲ್ಲಿ ಐದನೇ ಅಂತಸ್ತಿನಲ್ಲಿ ಮರುಸೃಷ್ಟಿಸಿದರು. ಐರಿಷ್ ಮೂರ್, ಕಪ್ಪು ಮೂರ್, ಎರಡೂ ನೋಡಲು ಸಾಧ್ಯವಾದರೆ ಚೆನ್ನ.

ತೀರಾ ಹಳೇ ಕಾಲ ಬೇಡ, ನಮಗೆ ಗೊತ್ತಿರುವ ಕಾಲ ಸಾಕು ಅನ್ನುವವರಿಗೆ 103 ಆರ್ಚರ್ಡ್ ಇದೆ. 1888ರ ಕಟ್ಟಡ ಅದು. ಎರಡನೇ ಮಹಾಯುದ್ಧದ ನಂತರ ಬಂದವರ ಮನೆಗಳು ಅಲ್ಲಿವೆ: ನಾಜಿಗಳ ಕೈಯಿಂದ ಬದುಕಿ ಬಂದ ಎಪ್‌ಸ್ಟೈನ್ ಕುಟುಂಬ, ಪೋರ್ಟೊರಿಕೊದ ಸಾಯೆಸ್ ವೆಲೆಸ್ ಕುಟುಂಬ, ಚೀನಾದ ವಾಂಗ್ ಕುಟುಂಬ. ಟಿವಿ, ಪ್ಲಾಸ್ಟಿಕ್ ಹೊದಿಕೆಯ ಸೋಫಾ ನೋಡಿ ನಮ್ಮ ಅಮ್ಮಂದಿರು ನಕ್ಕುಬಿಡುತ್ತಾರೆ, ಎಲ್ಲ ಅವರೂ ಬಳಸಿದ್ದೇ ಅಲ್ವಾ.

ಎರಡನೇ ಕೆಲಸ: ಟಿಕೆಟ್

ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲೇ ಮುಂಚಿತವಾಗಿ ಬುಕ್ ಮಾಡಿ. ದೊಡ್ಡವರಿಗೆ ಒಂದು ಟೂರ್‌ಗೆ ಸುಮಾರು 30 ಡಾಲರ್, ವಿದ್ಯಾರ್ಥಿಗಳಿಗೆ ಮತ್ತು ಹಿರಿಯರಿಗೆ ಸ್ವಲ್ಪ ಕಡಿಮೆ. ಈಗಿನ ದರ ಅಲ್ಲೇ ನೋಡಿಕೊಳ್ಳಿ. ಗುಂಪು ಸಣ್ಣದು, ಹಾಗಾಗಿ ಶನಿವಾರ ಭಾನುವಾರದ ಟೂರ್‌ಗಳು ಬೇಗ ತುಂಬಿಬಿಡುತ್ತವೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸವರ್ಷದ ದಿನ ರಜೆ.

ಒಂದೇ ದಿನ ಎರಡು ಟೂರ್ ಮಾಡಬಹುದಾ? ಮಾಡಬಹುದು, ಆದರೆ ಮಧ್ಯೆ ಊಟಕ್ಕೆ ಅಂತ ಒಂದೆರಡು ಗಂಟೆ ಬಿಡಿ. ಮೂರು ಬೇಡ. ಮೂರನೇ ಮನೆಗೆ ಬರುವ ಹೊತ್ತಿಗೆ ಯಾರ ಗಂಡ ಓಡಿಹೋದ, ಯಾರ ಗಂಡ ಕ್ಷಯದಿಂದ ಸತ್ತ ಅಂತ ಎಲ್ಲ ಕಲಸುಮೇಲೋಗರ ಆಗಿಬಿಡುತ್ತದೆ.

ಹಿಂದೆ ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ಐಲ್ಯಾಂಡ್ ದ್ವೀಪದ ಜೊತೆಗೆ ಇದನ್ನು ಒಂದೇ ದಿನ ಸೇರಿಸಿಕೊಳ್ಳಲೂ ಬೇಡಿ. ದೋಣಿ, ಸೆಕ್ಯೂರಿಟಿ ಸಾಲು ಅಂತ ಅದಕ್ಕೇ ಮುಕ್ಕಾಲು ದಿನ ಬೇಕು. ಮೊದಲು ಅಲ್ಲಿ ಹೋಗಿ, ಇನ್ನೊಂದು ದಿನ ಇಲ್ಲಿಗೆ ಬನ್ನಿ. ಅಂದಹಾಗೆ, ಎಲ್ಲಿಸ್ ಐಲ್ಯಾಂಡ್ ಶುರುವಾಗಿದ್ದು 1892ರಲ್ಲಿ. ಗುಂಪರ್ಟ್ಸ್, ಐರಿಷ್ ಮೂರ್ ಇವರೆಲ್ಲ ಅದಕ್ಕೂ ಮುಂಚಿನವರು. 1855ರಿಂದ ವಲಸಿಗರು ಇಳಿಯುತ್ತಿದ್ದ ಜಾಗ ಮ್ಯಾನ್‌ಹ್ಯಾಟನ್ ತುದಿಯ ಕ್ಯಾಸಲ್ ಗಾರ್ಡನ್. ಲಿಬರ್ಟಿ ಪ್ರತಿಮೆಯ ದೋಣಿ ಟಿಕೆಟ್ ಕೊಡುವ ದುಂಡನೆಯ ಕೋಟೆ ಇದೆಯಲ್ಲ, ಅದೇ. ಟಿಕೆಟ್ ಸಾಲಿನಲ್ಲಿ ನಿಂತಾಗ ಗೋಡೆ ಕಡೆಗೂ ಒಮ್ಮೆ ನೋಡಿ.

ಯಾರನ್ನು ಕರೆದುಕೊಂಡು ಹೋಗುತ್ತಿದ್ದೀರಿ?

97 ಆರ್ಚರ್ಡ್‌ನಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲು ಕಿರಿದು, ಕಡಿದು. ಮಂಡಿನೋವಿನ ಅತ್ತೆ ಮಾವ ಜೊತೆಗಿದ್ದರೆ 103ರ ಟೂರ್ ತಗೊಳ್ಳಿ, ಅಲ್ಲಿ ಲಿಫ್ಟ್ ಇದೆ. ಮೆಟ್ಟಿಲು ಹತ್ತುತ್ತೇನೆ ಅನ್ನುವವರಿಗೂ, ಟೂರ್ ಉದ್ದಕ್ಕೂ ನಿಂತೇ ಇರಬೇಕಾದ ಹೊತ್ತು ಜಾಸ್ತಿ ಅಂತ ಮೊದಲೇ ಹೇಳಿಬಿಡಿ.

ಗೈಡ್ ಮಾತಾಡುವುದು ಇಂಗ್ಲಿಷಿನಲ್ಲಿ, ಅದೂ ನ್ಯೂಯಾರ್ಕಿನ ವೇಗದಲ್ಲಿ. ಅಪ್ಪ ಅಮ್ಮನಿಗೆ ಕಷ್ಟವಾಗಬಹುದು ಅನ್ನಿಸಿದರೆ ಒಂದು ಉಪಾಯ: ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಆ ಕುಟುಂಬದ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ. ಹೆಸರುಗಳು, ಯಾರಿಗೆ ಯಾರು ಏನಾಗಬೇಕು, ಏನಾಯಿತು, ಇಷ್ಟೇ. ಮಾರನೇ ದಿನ ಅವರು ಗೈಡ್ ಮಾತಿಗೆ ಕಾಯದೆ ಒಲೆ, ಪಾತ್ರೆ, ಹಾಸಿಗೆ ನೋಡಿಕೊಂಡು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಎಷ್ಟೋ ಸಲ ನಮಗಿಂತ ಚೆನ್ನಾಗಿ. ಕಲ್ಲಿದ್ದಲ ಒಲೆಯ ಮುಂದೆ ನಿಂತು "ಇದರ ಬೂದಿ ದಿನಾ ಯಾರು ತೆಗೀತಿದ್ರು?" ಅಂತ ಕೇಳುವವರು ಅವರೇ. ಅಂಥ ಪ್ರಶ್ನೆ ಬಂದರೆ ನಾಚಿಕೊಳ್ಳದೆ ಗೈಡ್‌ಗೆ ಅನುವಾದ ಮಾಡಿ ಕೇಳಿ, ಅವರಿಗೆ ಖುಷಿಯಾಗುತ್ತದೆ.

ತೀರಾ ಸಣ್ಣ ಮಕ್ಕಳನ್ನು ಕರೆತರಬೇಡಿ. ಏನನ್ನೂ ಮುಟ್ಟಬಾರದು, ಓಡಬಾರದು, ಸುಮ್ನೆ ನಿಂತು ಕೇಳಬೇಕು ಅಂದರೆ ನಾಲ್ಕು ವರ್ಷದ ಮಗು ಏನು ಮಾಡೀತು? ಎಂಟು ಹತ್ತು ವರ್ಷ ಆದವರಿಗೆ ಸರಿ. ದೊಡ್ಡ ಬ್ಯಾಗು, ಸೂಟ್‌ಕೇಸು ಹೋಟೆಲಿನಲ್ಲೇ ಬಿಡಿ.

ದಾರಿ

ಎಫ್ ರೈಲು ಹಿಡಿದು ಡೆಲಾನ್ಸಿ ಸ್ಟ್ರೀಟ್‌ನಲ್ಲಿ ಇಳಿಯಿರಿ. ಜೆ, ಎಂ, ಜೆಡ್ ರೈಲಿನವರಿಗೆ ಅದೇ ನಿಲ್ದಾಣದ ಹೆಸರು ಎಸೆಕ್ಸ್ ಸ್ಟ್ರೀಟ್. ಮೇಲೆ ಬಂದು ಡೆಲಾನ್ಸಿಯಲ್ಲಿ ಪಶ್ಚಿಮಕ್ಕೆ, ಅಂದರೆ ವಿಲಿಯಮ್ಸ್‌ಬರ್ಗ್ ಸೇತುವೆಗೆ ಬೆನ್ನು ಹಾಕಿ, ಎರಡು ಬೀದಿ ನಡೆದರೆ ಆರ್ಚರ್ಡ್ ಸ್ಟ್ರೀಟ್. ಮೂಲೆಯಲ್ಲೇ 103, ಅಲ್ಲೇ ವಿಸಿಟರ್ ಸೆಂಟರ್ ಮತ್ತು ಪುಸ್ತಕದ ಅಂಗಡಿ. 97ಕ್ಕೆ ನೇರ ಹೋಗಿ ಬಾಗಿಲು ತಟ್ಟಬೇಡಿ, ಟೂರ್ ಶುರುವಾಗುವುದು 103ರಿಂದ.

ನ್ಯೂಜರ್ಸಿಯ ಎಡಿಸನ್ ಕಡೆಯಿಂದ ಬರುವವರು ಪೆನ್ ಸ್ಟೇಷನ್‌ನಲ್ಲಿ ಇಳಿದು, ಪೂರ್ವಕ್ಕೆ ಒಂದು ಉದ್ದ ಬ್ಲಾಕ್ ನಡೆದು ಹೆರಾಲ್ಡ್ ಸ್ಕ್ವೇರ್‌ನಲ್ಲಿ ಎಫ್ ಹತ್ತಬೇಕು. ಜರ್ಸಿ ಸಿಟಿಯವರಿಗೆ ಪಾತ್ ರೈಲು 33ನೇ ಬೀದಿಗೆ ಬರುತ್ತದೆ, ಅದೂ ಹೆರಾಲ್ಡ್ ಸ್ಕ್ವೇರ್ ಪಕ್ಕವೇ. ವಾರಾಂತ್ಯದಲ್ಲಿ ರಿಪೇರಿ ಅಂತ ರೈಲುಗಳು ದಾರಿ ಬದಲಿಸುವುದು ಮಾಮೂಲು, ಹೊರಡುವ ಮುಂಚೆ ಫೋನಿನಲ್ಲಿ ನೋಡಿ. ಕಾರು ತರಬೇಡಿ, ಪಾರ್ಕಿಂಗ್‌ಗೆ ಕೊಡುವ ದುಡ್ಡಿನಲ್ಲಿ ಇನ್ನೊಂದು ಟೂರ್ ಆಗುತ್ತದೆ.

ಕಾಲು ಗಂಟೆ ಮುಂಚೆ ತಲುಪಿ, ಅಲ್ಲೇ ಶೌಚಾಲಯಕ್ಕೆ ಹೋಗಿಬನ್ನಿ. ಕಟ್ಟಡದೊಳಗೆ ನಿಮಗೆ ಕಾಣುವ ಕಕ್ಕಸುಗಳು ನೋಡಲಿಕ್ಕೆ ಮಾತ್ರ. ಫೋಟೊ ತೆಗೆಯಬಹುದಾ ಅಂತ ಶುರುವಿನಲ್ಲೇ ಗೈಡ್‌ನ ಕೇಳಿಕೊಳ್ಳಿ.

ಒಳಗೆ ಏನು ನೋಡಬೇಕು

ಎಲ್ಲರ ಕಣ್ಣು ಮೊದಲು ಹೋಗುವುದು ಪಾತ್ರೆ, ಮಂಚ, ಹಳೇ ಡಬ್ಬಿಗಳ ಕಡೆಗೆ. ಅವು ಬಹುಪಾಲು ಆ ಕಾಲದವೇ ಆದರೂ ಬೇರೆ ಕಡೆಯಿಂದ ತಂದು ಜೋಡಿಸಿದವು. ನಿಜವಾಗಿ ಆ ಜನರ ಜೊತೆಗೆ ಇದ್ದದ್ದು ಕಟ್ಟಡ. ಹಾಗಾಗಿ ಗೋಡೆ, ಮೆಟ್ಟಿಲು, ಕಿಟಕಿ ನೋಡಿ.

ಮೊದಲು ನಡುಮನೆಯಂಥ ಆ ಹಾದಿ. ಬಾಗಿಲು ಮುಚ್ಚಿದರೆ ಹಗಲಲ್ಲೂ ಕತ್ತಲೆ. ಕಾನೂನು ಬಂದು ದೀಪ ಹಾಕಿಸುವವರೆಗೂ ಜನ ಈ ಮೆಟ್ಟಿಲನ್ನು ಕೈಯಲ್ಲಿ ತಡವಿಕೊಂಡೇ ಹತ್ತಿದ್ದಾರೆ, ನೀರಿನ ಬಕೆಟ್ಟು, ಕಲ್ಲಿದ್ದಲು, ಮಗು ಎಲ್ಲ ಹೊತ್ತುಕೊಂಡು. ಗೋಡೆಗೆ ಬಣ್ಣ ಬಳಿದ ಗೋಣಿಬಟ್ಟೆ ಅಂಟಿಸಿದ್ದಾರೆ, ಚಾವಣಿಗೆ ಅಚ್ಚೊತ್ತಿದ ತಗಡು. ಮೇಲೆ ನೋಡದೆ ಹತ್ತಿದರೆ ತಗಡು ತಪ್ಪಿಹೋಗುತ್ತದೆ.

ಆಮೇಲೆ ಒಳಕಿಟಕಿ. ಇದನ್ನು ಮಾತ್ರ ಹತ್ತಿರದಿಂದ ನೋಡಿ. ಮೂರು ಕೋಣೆಯಲ್ಲಿ ಹೊರಗಿನ ಬೆಳಕು ನೇರ ಬೀಳುವುದು ಮುಂದಿನ ಒಂದೇ ಕೋಣೆಗೆ. ಅಡುಗೆಮನೆ ಕತ್ತಲೆ, ಮಲಗುವ ಕೋಣೆ ಇನ್ನೂ ಕತ್ತಲೆ. ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಕ್ಷಯ ಹಬ್ಬುತ್ತದೆ ಅಂತ ಸುಧಾರಕರು ಗಲಾಟೆ ಮಾಡಿದ ಮೇಲೆ ಕಾನೂನು ಬಂತು, ಮಾಲೀಕರು ಮನೆಯೊಳಗಿನ ಗೋಡೆಯನ್ನೇ ಕೊರೆದು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಿಟಕಿ ಇಟ್ಟರು. ಚೌಕಟ್ಟು, ಗಾಜು ಎಲ್ಲ ಇದೆ, ಆದರೆ ಆ ಕಿಟಕಿಯಲ್ಲಿ ಕಾಣುವುದು ಪಕ್ಕದ ಕೋಣೆ. ಒಂದು ಪಕ್ಕದಲ್ಲಿ ನಿಂತು ಆ ಗಾಜಿನ ಮೂಲಕ ಎಷ್ಟು ಬೆಳಕು ಒಳಗೆ ಹೋಗುತ್ತದೆ ಅಂತ ನೋಡಿ. ಮಧ್ಯಾಹ್ನದ ಟೂರ್ ಆದರೂ ಅಷ್ಟಕ್ಕಷ್ಟೇ. ರೋಗರ್ಶೆವ್ಸ್ಕಿ ಮನೆಯ ಏಬ್ರಹಾಂ ಕೆಮ್ಮಿಕೊಂಡು ಮಲಗಿದ್ದು ಇಂಥದೇ ಒಂದು ಕೋಣೆಯಲ್ಲಿ.

ಕಕ್ಕಸಿನದೂ ಇದೇ ರೀತಿಯ ಕಥೆ. 1901ರ ಕಾನೂನು ಬಂದಮೇಲೆ, 1905ರಲ್ಲಿ ಇಲ್ಲಿ ಅಂತಸ್ತಿಗೆ ಎರಡರಂತೆ ಒಳಗೆ ಕಕ್ಕಸು ಕಟ್ಟಿಸಿದರು. ಅಂತಸ್ತಿಗೆ ನಾಲ್ಕು ಮನೆ, ಅಂದರೆ ಎರಡು ಕುಟುಂಬಕ್ಕೆ ಒಂದು. ಅದಕ್ಕೆ ಮುಂಚೆ ಚಳಿಗಾಲದ ರಾತ್ರಿ ಹಿಮ ಬಿದ್ದಿರುವಾಗ ಐದನೇ ಅಂತಸ್ತಿನಿಂದ ಹಿತ್ತಲಿಗೆ ಇಳಿಯಬೇಕು. ಇಳಿಯಲಾಗದವರಿಗೆ ಮಂಚದ ಕೆಳಗೆ ಪಾತ್ರೆ. ಬೆಳಿಗ್ಗೆ ಅದನ್ನು ಕೆಳಗೆ ಹೊತ್ತು ಹೋಗುವವಳು ಮನೆ ಹೆಂಗಸೇ ಅಂತ ಬೇರೆ ಹೇಳಬೇಕಾ?

ಕೊನೆಗೆ, ಮರುಸೃಷ್ಟಿ ಮಾಡದೆ ಸಿಕ್ಕ ಹಾಗೇ ಬಿಟ್ಟಿರುವ ಮನೆಗಳು. ನಿಮ್ಮ ಟೂರ್ ಆ ಕಡೆ ಹೋದರೆ ಅಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲಿ. ಗೋಡೆ ಕಾಗದ ಪದರ ಪದರವಾಗಿ ಸುಲಿದು ನಿಂತಿದೆ. ಒಂದರ ಮೇಲೊಂದು ಹತ್ತಾರು ಪದರ. ಹೊಸ ಬಾಡಿಗೆದಾರರು ಹಳೇದನ್ನು ಕೀಳದೆ ಮೇಲೆ ಅಂಟಿಸಿದ್ದಾರೆ. ಒಂದು ಪದರದಲ್ಲಿ ಹೂವು, ಅದರ ಕೆಳಗೆ ಗೆರೆ, ಅದರ ಕೆಳಗೆ ಇನ್ಯಾವುದೋ ಹೂವು. ಬಡವರು ಅಂತ ಮನೆ ಚೆನ್ನಾಗಿ ಕಾಣಬಾರದು ಅಂತೇನಿಲ್ಲವಲ್ಲ.

ಗೈಡ್‌ಗಳು ಸುಮ್ಮನೆ ಪಾಠ ಒಪ್ಪಿಸುವವರಲ್ಲ. ಜನಗಣತಿಯ ಹಾಳೆ, ಹಳೇ ಫೋಟೊ ತೋರಿಸಿ "ನಿಮಗೇನು ಕಾಣುತ್ತದೆ?" ಅಂತ ಕೇಳುತ್ತಾರೆ. ಹಿಂದೆ ನಿಂತುಕೊಳ್ಳಬೇಡಿ, ಉತ್ತರ ಕೊಡಿ. ನೀವೂ ದೇಶ ಬಿಟ್ಟು ಬಂದವರು ಅಂತ ಗೊತ್ತಾದರೆ ಮಾತು ಬೇರೆ ಕಡೆಗೆ ತಿರುಗುವುದೂ ಉಂಟು.

ನಮ್ಮವರು ಎಲ್ಲಿ?

ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಮೇಲೆ ಹೇಳಿದ ಮನೆಗಳಲ್ಲಿ ಭಾರತದವರದು ಯಾವುದೂ ಇಲ್ಲ. ಅದಕ್ಕೆ ಕಾರಣವೂ ಕಾನೂನೇ. 1917ರಲ್ಲಿ ಅಮೆರಿಕ ಏಷ್ಯಾದ ಬಹುಭಾಗದಿಂದ ವಲಸೆ ಬರುವುದನ್ನೇ ನಿಷೇಧಿಸಿತು, ಭಾರತವೂ ಅದರಲ್ಲಿ ಸೇರಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಸಿಗದು ಅಂತ ಹೇಳಿತು. 1946ರಲ್ಲಿ ಬಾಗಿಲು ತೆರೆದರೂ ವರ್ಷಕ್ಕೆ ಬರೀ 100 ಜನರಿಗೆ. ಈಗ ನ್ಯೂಜರ್ಸಿಯಲ್ಲಿ ಇಷ್ಟೊಂದು ಕನ್ನಡದ ಮನೆಗಳಿರುವುದಕ್ಕೆ ಕಾರಣ, ದೇಶವಾರು ಕೋಟಾ ತೆಗೆದುಹಾಕಿದ 1965ರ ವಲಸೆ ಕಾನೂನು.

ಹಾಗಂತ ಈ ಬೀದಿಗಳಲ್ಲಿ ಯಾರೂ ಇರಲಿಲ್ಲ ಅಂತಲ್ಲ. ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಯ ಕೆಲಸ ತಾಳಲಾರದೆ ನ್ಯೂಯಾರ್ಕ್ ಬಂದರಿನಲ್ಲಿ ತಪ್ಪಿಸಿಕೊಂಡ ಸಿಲ್ಹೆಟ್ ಕಡೆಯ ಬಂಗಾಳಿ ಮುಸ್ಲಿಮರು ಲೋಯರ್ ಈಸ್ಟ್ ಸೈಡಿನಲ್ಲೂ ಹಾರ್ಲೆಮ್‌ನಲ್ಲೂ ನೆಲೆಸಿದ್ದರು, ಪೋರ್ಟೊರಿಕೊದ ಮತ್ತು ಕಪ್ಪು ಹೆಂಗಸರನ್ನು ಮದುವೆಯಾಗಿ ಸಂಸಾರ ಹೂಡಿದ್ದರು. ಗೈಡ್‌ನ ಹತ್ತಿರ ಅವರ ಬಗ್ಗೆ ಕೇಳಿ ನೋಡಿ.

ಮ್ಯೂಸಿಯಂ 'ಯುವರ್ ಸ್ಟೋರಿ, ಅವರ್ ಸ್ಟೋರಿ' ಅಂತ ಒಂದು ಆನ್‌ಲೈನ್ ಸಂಗ್ರಹವನ್ನೂ ಮಾಡುತ್ತಿದೆ. ಮನೆಯ ಯಾವುದಾದರೂ ಒಂದು ವಸ್ತುವಿನ ಫೋಟೊ, ಅದರ ಕಥೆ ಕಳಿಸಬಹುದು. ಸೂಟ್‌ಕೇಸಿನಲ್ಲಿ ಬಂದ ಒಗ್ಗರಣೆ ಸೌಟೋ ಶಾವಿಗೆ ಒರಳೋ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ.

ಮುಗಿದ ಮೇಲೆ

ತಕ್ಷಣ ರೈಲು ಹತ್ತಬೇಡಿ, ಸುತ್ತಲಿನ ಬೀದಿ ನಡೆಯಿರಿ. ಎಲ್‌ಡ್ರಿಜ್ ಸ್ಟ್ರೀಟಿನಲ್ಲಿ 1887ರ ಯಹೂದಿ ಪ್ರಾರ್ಥನಾಮಂದಿರ ಈಗ ಮ್ಯೂಸಿಯಂ. ಅದರ ಸುತ್ತಮುತ್ತ ಈಗ ಪೂರ್ತಿ ಚೈನಾಟೌನ್. ಹೊಟ್ಟೆ ಹಸಿದಿದ್ದರೆ ಹತ್ತಿರದಲ್ಲೇ ಎಸೆಕ್ಸ್ ಮಾರ್ಕೆಟ್. ತಳ್ಳುಗಾಡಿಯವರನ್ನು ಬೀದಿಯಿಂದ ಎತ್ತಿಸಿ ಒಳಗೆ ಕೂರಿಸಲು 1940ರಲ್ಲಿ ಶುರುಮಾಡಿದ ಮಾರುಕಟ್ಟೆ ಅದು, 2019ರಿಂದ ಹೊಸ ಕಟ್ಟಡದಲ್ಲಿದೆ. ಬೇರೆ ಬೇರೆ ದೇಶದ ತಿಂಡಿ ಒಂದೇ ಕಡೆ ಸಿಗುತ್ತದೆ, ಸಸ್ಯಾಹಾರಿಗಳಿಗೆ ಇದೇ ಸುಲಭ. ಹೌಸ್ಟನ್ ಸ್ಟ್ರೀಟಿನ ಕ್ಯಾಟ್ಜ್ ಹೆಸರುವಾಸಿ, ಆದರೆ ಅದು ಮಾಂಸದ ಸ್ಯಾಂಡ್‌ವಿಚ್ ಅಂಗಡಿ, ಸಾಲೂ ಉದ್ದ. ಅದೇ ರಸ್ತೆಯಲ್ಲಿ 1910ರಿಂದ ಇರುವ ಯೋನಾ ಶಿಮ್ಮೆಲ್‌ನಲ್ಲಿ ಆಲೂಗಡ್ಡೆ ಹೂರಣದ ಕ್ನಿಶ್ ಅನ್ನುವ ಯಹೂದಿ ತಿಂಡಿ ಸಿಗುತ್ತದೆ. ಮೊಟ್ಟೆ ತಿನ್ನದವರು ಕೇಳಿಕೊಂಡು ತಗೊಳ್ಳಿ. ಒಂದು ತಿಂದರೆ ಸಂಜೆವರೆಗೆ ಬೇರೇನೂ ಬೇಡ. ಮಕ್ಕಳಿದ್ದರೆ ರಿವಿಂಗ್ಟನ್ ಸ್ಟ್ರೀಟಿನ ಇಕಾನಮಿ ಕ್ಯಾಂಡಿ, 1937ರಿಂದ ಇದೆ, ನೆಲದಿಂದ ಚಾವಣಿವರೆಗೆ ಮಿಠಾಯಿ.

ವಾಪಸ್ಸಿಗೂ ಅದೇ ಎಫ್ ರೈಲು. ಈ ಸಲ ಕ್ವೀನ್ಸ್ ಕಡೆ ಹೋಗುವ ಪ್ಲಾಟ್‌ಫಾರ್ಮ್‌ನಲ್ಲಿ ನಿಲ್ಲಿ, ಇಲ್ಲದಿದ್ದರೆ ಬ್ರೂಕ್ಲಿನ್ ನೋಡಿಕೊಂಡು ಬರಬೇಕಾಗುತ್ತದೆ.